ಎನಿ ಅಪ್‌ಡೇಟ್?

ವಾರಕ್ಕೆ 70 ಗಂಟೆ ಕೆಲಸ ಅಂತ 2023ರಲ್ಲಿ ನಾರಾಯಣ ಮೂರ್ತಿಯವರು ಕೂಗಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರದ್ದು 90. ನಡುವೆ 2024ರ ಜುಲೈನಲ್ಲಿ ನಮ್ಮ ಸರ್ಕಾರದ ಮುಂದೂ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾವ ಬಂದಿತ್ತು. ಹರಾಜು ಇನ್ನೂ ನಡೀತಾ ಇದೆ. ವಾರದಲ್ಲಿ ಇರೋದೇ 168 ಗಂಟೆ, ಯಾರಾದರೂ ಪುಣ್ಯಾತ್ಮರು ಒಂದೇ ಸಲಕ್ಕೆ ಕೂಗಿಬಿಡಿ.

ನನ್ನದೇನೂ ತಕರಾರಿಲ್ಲ. ಕೆಲಸ ಮಾಡ್ತೀನಿ. ಮಾಡೋಕೆ ಬಿಟ್ಟರೆ.

ಬೆಳಗ್ಗೆ ಸ್ಟ್ಯಾಂಡಪ್, ಅಂದರೆ ತಂಡದ ದಿನದ ಮೀಟಿಂಗ್. ಹದಿನೈದು ನಿಮಿಷದಲ್ಲಿ ನಿಂತೇ ಮುಗಿಸಬೇಕು ಅನ್ನೋದು ನಿಯಮ. ನಮ್ಮಲ್ಲಿ ಎಲ್ಲರೂ ಕೂತಿರುತ್ತಾರೆ, ಮುಗಿಯೋದು ಊಟದ ಹೊತ್ತಿಗೆ. ಕೆಲಸ ಯಾಕೆ ಮುಗಿದಿಲ್ಲ ಅಂತ ಅಲ್ಲಿ ಕೇಳುತ್ತಾರೆ. ಅದನ್ನು ಚರ್ಚಿಸೋಕೆ ಮಧ್ಯಾಹ್ನ ಇನ್ನೊಂದು ಕಾಲ್. ಸಂಜೆ ಅಮೆರಿಕ ಏಳುತ್ತೆ. ರಾತ್ರಿ ಎಂಟೂವರೆಗೆ ನಾವು ಲವಲವಿಕೆಯಿಂದ ಗುಡ್ ಮಾರ್ನಿಂಗ್ ಅನ್ನಬೇಕು. ಕೋಡ್ ಬರೆಯೋದು ಯಾವಾಗ? ಮನೆಯವರೆಲ್ಲ ಮಲಗಿದ ಮೇಲೆ, ಕಳ್ಳತನದಲ್ಲಿ.

ಪ್ರೊಡಕ್ಷನ್, ಅಂದರೆ ಗ್ರಾಹಕರು ಬಳಸೋ ಸಿಸ್ಟಮ್, ಡೌನ್ ಆದ ರಾತ್ರಿಯ ಕಾಲ್ ಮಾತ್ರ ನೀವು ನೋಡಬೇಕು. ವಾರ್ ರೂಮ್ ಅಂತಾರೆ. ಮ್ಯಾನೇಜರ್, ಮ್ಯಾನೇಜರ್‌ನ ಮ್ಯಾನೇಜರ್, ಡೆಲಿವರಿ ಹೆಡ್, ಯಾಕೆ ಬಂದಿದ್ದೀವಿ ಅಂತ ತಮಗೇ ಗೊತ್ತಿಲ್ಲದ ಒಂದಷ್ಟು ಜನ. ಕೀಬೋರ್ಡ್ ಮುಟ್ಟೋನು ಒಬ್ಬನೇ, ಹೋದ ವರ್ಷ ಸೇರಿದ ಹಾಸನದ ಹುಡುಗ. ಅವನು ಒಂದು ಲಾಗ್, ಅಂದರೆ ಸರ್ವರ್‌ನ ದಿನಚರಿ, ತೆರೆದರೆ 'ಎನಿ ಅಪ್‌ಡೇಟ್?' ಇನ್ನೊಂದು ತೆರೆದರೆ 'ಇಟಿಎ ಎಷ್ಟು?', ಅಂದರೆ ಎಷ್ಟು ಹೊತ್ತಿಗೆ ಸರಿಹೋಗುತ್ತೆ ಅಂತ. ಯಾರದೋ ಮೈಕ್ ಆನ್ ಇದೆ, ಕುಕ್ಕರ್ ಸೀಟಿ ಹೊಡೆಯುತ್ತೆ. 'ಇನ್ನಿಬ್ಬರು ಸೀನಿಯರ್‌ಗಳನ್ನ ಸೇರಿಸಲಾ?' ಅಂತ ಡೆಲಿವರಿ ಹೆಡ್ ದೊಡ್ಡ ಮನಸ್ಸು ಮಾಡಿದರು. ಸೇರಿಸಿದರು. ಅವರಿಗೆ ಮೊದಲಿಂದ ಕಥೆ ಹೇಳೋಕೆ ಹುಡುಗ ಲಾಗ್ ಮುಚ್ಚಿದ.

ಕಡೆಗೆ ಸಿಕ್ಕಿದ್ದೇನು? ಸರ್ವರ್‌ನ ಸುರಕ್ಷತಾ ಸರ್ಟಿಫಿಕೇಟ್ ಅವಧಿ ಮುಗಿದಿತ್ತು, ಅಷ್ಟೇ. ರಿನ್ಯೂ ಮಾಡಬೇಕು ಅಂತ ಇದೇ ಹುಡುಗ ಮೊದಲೇ ಟಿಕೆಟ್, ಅಂದರೆ ಕೆಲಸದ ಕೋರಿಕೆ, ಹಾಕಿದ್ದ. 'ಲೋ ಪ್ರಯಾರಿಟಿ' ಅಂತ ಬ್ಯಾಕ್‌ಲಾಗ್‌ಗೆ, ಬಾಕಿ ಕೆಲಸದ ಪಟ್ಟಿಗೆ, ತಳ್ಳಿದ್ದರು. ಮರುದಿನ ಎಲ್ಲರಿಗೂ ಮೇಲ್ ಬಂತು, ಡೆಲಿವರಿ ಹೆಡ್‌ರ 'ಗ್ರೇಟ್ ಲೀಡರ್‌ಶಿಪ್'ಗೆ ಅಭಿನಂದನೆ. ಹುಡುಗನಿಗೆ ಆರ್‌ಸಿಎ, ಅಂದರೆ ಯಾಕೆ ಹೀಗಾಯ್ತು ಅನ್ನೋ ವರದಿ, ಬರೆಯುವ ಭಾಗ್ಯ. ಅಪ್ರೈಸಲ್‌ನಲ್ಲಿ ಒಂದು ಸಾಲು: ಇನ್ನೂ ಪ್ರೊಆಕ್ಟಿವ್ ಆಗಬೇಕು.

ಇಂಥವರಿಗೆ 14 ಗಂಟೆ ಕೊಟ್ಟರೆ ಏನು ಮಾಡ್ತಾರೆ ಹೇಳಿ? ಇನ್ನೂ ನಾಲ್ಕು ಕಾಲ್ ಹಾಕ್ತಾರೆ.

ಕೇಳೋರು ಯಾರು ಅಂತೀರಾ? ಕೆಲಸದ ಹೊತ್ತು, ರಜೆ, ಶಿಸ್ತುಕ್ರಮ ಎಲ್ಲವನ್ನೂ ಬರೆದು ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೀಬೇಕು ಅಂತಿದ್ದ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಕರ್ನಾಟಕದ ಐಟಿ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಸಿಕ್ಕಿತು. 2019ರಲ್ಲಿ ಮತ್ತೆ. 2024ರಲ್ಲಿ ಮತ್ತೆ. ಉದ್ಯಮ ಇನ್ನೂ ಬೆಳೀಬೇಕಲ್ಲ, ಪಾಪ. ಇಲ್ಲಿಗೆ ಬಂದ ಮೊದಲ ವಿದೇಶಿ ಟೆಕ್ ಕಂಪನಿಗಳಲ್ಲಿ ಒಂದಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ.

ಸಾಕಾಗಿದೆ ಕಣ್ರೀ. ಪ್ಲಾನ್ ಮಾಡೋಕೆ ಬಾರದವರ ತಪ್ಪಿಗೆ ನಮ್ಮ ನಿದ್ದೆ ಕೊಡಬೇಕು. ಕೊಟ್ಟ ಮೇಲೆ ಅದನ್ನು ದೇಶಸೇವೆ ಅಂತಾರೆ. ಆ ಹುಡುಗನ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ನಗು ಬರಲ್ಲ.

ಅವನೀಗ ರಿಸೈನ್ ಮಾಡಿದ್ದಾನೆ. ನೋಟಿಸ್ ಪೀರಿಯಡ್ ಮೂರು ತಿಂಗಳು. ಹೋಗೋ ಮೊದಲು ನಾಲೆಡ್ಜ್ ಟ್ರಾನ್ಸ್‌ಫರ್ ಮಾಡಬೇಕಂತೆ. ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ. ಅದಕ್ಕೆ ಗುರುವಾರ ಒಂದು ಕಾಲ್ ಇದೆ.