ಪಹಣಿ ನೋಡುವ ನಾವು ಸಿಬಿಲ್ ಯಾಕೆ ನೋಡಲ್ಲ?

ಕಳೆದ ಡಿಸೆಂಬರ್‌ನಲ್ಲಿ ದಾವಣಗೆರೆಗೆ ಬಂದಿದ್ದೆ. ಬಂದ ಮೂರನೇ ದಿನ ನನ್ನ ತಮ್ಮ ಮೆಲ್ಲಗೆ ಹೇಳಿದ, "ಅಣ್ಣಾ, ನನ್ನ ಸಿಬಿಲ್ ಹೋಗೈತಂತೆ." ಸಿಬಿಲ್ ಅಂದರೆ ನಾವು ತೆಗೆದ ಸಾಲ, ಕಟ್ಟಿದ ಕಂತು ಎಲ್ಲದರ ರಿಪೋರ್ಟ್, ಅದನ್ನು ನೋಡಿ ನಮಗೆ ಹಾಕುವ ಅಂಕಿಯೇ ಸ್ಕೋರ್. ಅವನದು ಚೌಕಿಪೇಟೆ ಹತ್ತಿರ ಸಣ್ಣ ಬಟ್ಟೆ ಅಂಗಡಿ. ಪಕ್ಕದ ಮಳಿಗೆ ಖಾಲಿಯಾಗಿತ್ತು. ಅದನ್ನೂ ಹಿಡಿಯೋಣ ಅಂತ ಒಂದು ಬ್ಯಾಂಕಿನಲ್ಲಿ ಲೋನ್ ಕೇಳಿದ್ದ. ಅವರು ಕಂಪ್ಯೂಟರ್ ನೋಡಿ ಆಗಲ್ಲ ಅಂದರು. ಯಾಕೆ ಅಂತ ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ.

"ರಿಪೋರ್ಟ್ ತೆಗೆದು ನೋಡಿದ್ಯಾ?" ಅಂದೆ.

"ಅದನ್ನ ನಾವೂ ನೋಡಬಹುದಾ?" ಅಂದ.

ಆ ಮಾತು ನನಗೆ ಚುಚ್ಚಿತು. ನಮ್ಮ ಕಡೆ ಎರಡೆಕರೆ ಹೊಲ ಇರುವ ಯಾರನ್ನೇ ಕೇಳಿ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರು ಹೇಗೆ ಬಂದಿದೆ ಅಂತ ಬಾಯಿಪಾಠ ಹೇಳುತ್ತಾರೆ. ಹನ್ನೊಂದನೇ ಕಾಲಂನಲ್ಲಿ ಯಾವ ಸೊಸೈಟಿಯ ಸಾಲ ಕೂತಿದೆ ಅಂತಲೂ ಗೊತ್ತು. ಸಾಲ ತೀರಿದ ಮೇಲೆ ಅದನ್ನು ಅಲ್ಲಿಂದ ತೆಗೆಸಲು ಎಷ್ಟು ಸಲ ಬೇಕಾದರೂ ಕಚೇರಿಗೆ ಓಡಾಡುತ್ತಾರೆ. ನೆಲದ ಕಾಗದದ ಮೇಲೆ ಇಷ್ಟು ಕಣ್ಣಿಡುವ ಜನ, ತಮ್ಮ ಹೆಸರಿನ ಸಾಲದ ಕಾಗದವನ್ನು ಒಂದು ಸಲವೂ ನೋಡಿರುವುದಿಲ್ಲ. ಬ್ಯಾಂಕಿನವರು 'ಸಿಬಿಲ್ ಸರಿ ಇಲ್ಲ' ಅಂದರೆ ತಲೆ ತಗ್ಗಿಸಿ ಎದ್ದು ಬರುತ್ತಾರೆ.

ನಾನು ಅಮೆರಿಕದ ಅಟ್ಲಾಂಟಾ ಪಕ್ಕ ಇರುವುದು 2012ರಿಂದ. ಹೋದ ಹೊಸದರಲ್ಲಿ ನನಗೆ ಅಲ್ಲಿ ಯಾವ ಚರಿತ್ರೆಯೂ ಇರಲಿಲ್ಲ. ಊರಲ್ಲಿ ಒಂದು ಕಂತೂ ತಪ್ಪಿಸದೆ ಕಟ್ಟಿದ ಬೈಕ್ ಲೋನ್ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ. ಒಂದು ದೇಶದ ಸ್ಕೋರ್ ಇನ್ನೊಂದಕ್ಕೆ ದಾಟುವುದಿಲ್ಲ. 500 ಡಾಲರ್ ಠೇವಣಿ ಇಟ್ಟು, ಅಷ್ಟೇ ಮೊತ್ತದ ಕ್ರೆಡಿಟ್ ಕಾರ್ಡ್ ಪಡೆದು ಸೊನ್ನೆಯಿಂದ ಶುರು ಮಾಡಿದೆ. ಅಲ್ಲಿ ಮನೆ ಬಾಡಿಗೆಗೆ ಕೊಡುವವರು ಈ ರಿಪೋರ್ಟ್ ನೋಡುತ್ತಾರೆ. ಮೊಬೈಲ್ ಕಂಪನಿ ನೋಡುತ್ತದೆ. ಎಷ್ಟೋ ರಾಜ್ಯಗಳಲ್ಲಿ ಕಾರಿನ ಇನ್ಶೂರೆನ್ಸ್ ಕಂತಿಗೂ ಇದರ ನೆರಳು ಬೀಳುತ್ತದೆ. ಹಾಗಾಗಿ ಎಲ್ಲರೂ ನೋಡುತ್ತಾರೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಹವಾಮಾನದ ಮಾತು ಬಂದ ಹಾಗೆ ಸ್ಕೋರ್ ಮಾತೂ ಬರುತ್ತದೆ.

ಊರಲ್ಲಿ ಹಾಗಿಲ್ಲ. ಅದಕ್ಕೆ ಕಾರಣವೂ ಇದೆ. ಈ ಊರು ಬಾಯಿಮಾತಿನ ಮೇಲೆ ಬೆಳೆದ ಊರು. ಹತ್ತಿ, ಮೆಕ್ಕೆಜೋಳ, ಬಟ್ಟೆ, ಎಲ್ಲದರ ವ್ಯಾಪಾರದಲ್ಲೂ ಉದ್ರಿ ಇತ್ತು, ಈಗಲೂ ಇದೆ. ನಮ್ಮ ಅಪ್ಪ ಮಂಡಿಪೇಟೆಯಲ್ಲಿ ನಲವತ್ತು ವರ್ಷ ಕೀರ್ದಿ ಬರೆದವರು. ಯಾರಿಗೆ ಎಷ್ಟು ಕೊಡಬಹುದು ಅನ್ನೋದು ಸಾಹುಕಾರರಿಗೆ ಮುಖ ನೋಡಿದರೆ ಗೊತ್ತಾಗುತ್ತಿತ್ತು ಅಂತ ಅಪ್ಪ ಹೇಳುತ್ತಾರೆ. ನನಗೆ ಆ ಪದ್ಧತಿಯ ಮೇಲೆ ಈಗಲೂ ಗೌರವವಿದೆ. ಒಂದು ವರ್ಷ ಮಳೆ ಕೈಕೊಟ್ಟರೆ ಮುಂದಿನ ಸುಗ್ಗಿವರೆಗೆ ಕಾಯುವ ಮನುಷ್ಯ ಅಲ್ಲಿ ಎದುರಿಗೆ ಕೂತಿರುತ್ತಿದ್ದ. ಕಂಪ್ಯೂಟರ್ ಕಾಯುವುದಿಲ್ಲ. ಬೆಳೆ ಸಾಲಕ್ಕೆ ಸಿಬಿಲ್ ನೋಡಬೇಡಿ ಅಂತ ರೈತರು ಕೇಳುವುದು ಸುಮ್ನೆ ಅಲ್ಲ.

ಆದರೆ ಬ್ಯಾಂಕು ಈಗ ಮುಖ ನೋಡುವುದಿಲ್ಲ, ಕಾಗದ ನೋಡುತ್ತದೆ. ಹಾಗಿರುವಾಗ ಆ ಕಾಗದವನ್ನು ಅವರಿಗಿಂತ ಮೊದಲು ನಾವು ನೋಡಬೇಕು ಅಲ್ವಾ?

ಅವತ್ತು ಸಂಜೆಯೇ ತಮ್ಮನ ಪ್ಯಾನ್ ನಂಬರ್ ಹಾಕಿ, ಮೊಬೈಲಿಗೆ ಬಂದ ಓಟಿಪಿ ಕೊಟ್ಟು ರಿಪೋರ್ಟ್ ತೆಗೆದೆವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾಸೂ ಇಲ್ಲ. ಭಾರತದಲ್ಲಿ ಇಂಥ ಲೆಕ್ಕ ಇಡುವ ಕಂಪನಿಗಳು ನಾಲ್ಕು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಸಿಬಿಲ್ ಶುರುವಾದದ್ದು 2000ದಲ್ಲಿ. ಮೊದಲು ಬಂದಿದ್ದಕ್ಕೆ ಅದರ ಹೆಸರೇ ಎಲ್ಲದಕ್ಕೂ ನಿಂತುಬಿಟ್ಟಿದೆ. ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದ್ದು 2017ರ ಜನವರಿಯಿಂದ ಜಾರಿಯಲ್ಲಿದೆ. ನೋಡಿದರೆ ಸ್ಕೋರ್ ಇಳಿಯುತ್ತೆ ಅಂತ ತಮ್ಮ ಹೆದರಿದ್ದ. ಅದು ಸುಳ್ಳು. ನಮ್ಮದನ್ನು ನಾವು ನೋಡಿಕೊಂಡರೆ ಒಂದಂಕಿಯೂ ಇಳಿಯುವುದಿಲ್ಲ. ಲೋನ್ ಬೇಕು ಅಂತ ಒಂದೇ ತಿಂಗಳಲ್ಲಿ ಐದಾರು ಕಡೆ ಅರ್ಜಿ ಹಾಕಿದಾಗ, ಅವರೆಲ್ಲ ತೆಗೆದು ನೋಡುತ್ತಾರಲ್ಲ, ಪೆಟ್ಟು ಬೀಳುವುದು ಅದರಿಂದ.

ಪರದೆ ಮೇಲೆ ಓದಲು ಅಪ್ಪನಿಗೆ ಆಗಲ್ಲ. ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಅಪ್ಪ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಊಟದ ಟೇಬಲ್ ಮೇಲೆ ಹಾಳೆಗಳನ್ನು ಹರಡಿದರು. ಪ್ರತಿ ಸಾಲದ ಕೆಳಗೆ ತಿಂಗಳ ಲೆಕ್ಕದ ಚೌಕಗಳು. ಕಂತು ಸರಿಯಾಗಿ ಕಟ್ಟಿದ ತಿಂಗಳು 000. ತಡವಾಗಿದ್ದರೆ ಎಷ್ಟು ದಿನ ತಡ ಅನ್ನುವ ಅಂಕಿ, 030, 060, ಹೀಗೆ. ಅಪ್ಪ ಎರಡು ನಿಮಿಷ ನೋಡಿದವರೇ, "ಇದು ನಮ್ಮ ಖಾತೆ ಪುಸ್ತಕನೇ ಕಣೋ. ಇದರಲ್ಲೇನು ಗೊತ್ತಾಗದೇ ಇರೋದು?" ಅಂದರು. ಆಮೇಲೆ ಚೌಕ ಚೌಕಕ್ಕೂ ಪೆನ್ನಿನ ತುದಿ ಇಟ್ಟುಕೊಂಡು ಹೋದರು. ಬ್ಯಾಂಕಿನ ಕಂಪ್ಯೂಟರ್ 'ಆಗಲ್ಲ' ಅಂದಿದ್ದು ಯಾಕೆ ಅಂತ ಅರ್ಧ ಗಂಟೆಯಲ್ಲಿ ಸಿಕ್ಕಿತು.

ಒಂದು, ಹಳೇ ಕ್ರೆಡಿಟ್ ಕಾರ್ಡ್. 2021ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತ್ತು, 38,000 ಬಾಕಿ ನಿಂತಿತ್ತು. ವಸೂಲಿಯವನು ಫೋನ್ ಮಾಡಿ, 20,000 ಕಟ್ಟಿಬಿಡಿ, ಮುಗಿಸಿಬಿಡೋಣ ಅಂದ. ತಮ್ಮ ಸಾಲ ಮಾಡಿ ಕಟ್ಟಿದ. ಅವನ ಲೆಕ್ಕದಲ್ಲಿ ಅದು ಮುಗಿದ ಕಥೆ. ರಿಪೋರ್ಟಿನಲ್ಲಿ ಮಾತ್ರ 'ಸೆಟಲ್ಡ್' ಅಂತ ಕೂತಿತ್ತು. ಈ ಒಂದು ಪದ ಎಷ್ಟು ಜನರ ದಾರಿ ಕಟ್ಟಿದೆಯೋ! ನಮ್ಮ ಕಿವಿಗೆ ಅದು 'ಚುಕ್ತಾ' ಅಂತ ಕೇಳಿಸುತ್ತದೆ. ಬ್ಯಾಂಕಿನವರು ಓದುವುದೇ ಬೇರೆ: ಈ ಮನುಷ್ಯ ಪೂರ್ತಿ ಕಟ್ಟಲಿಲ್ಲ, ನಾವು ಒಂದಿಷ್ಟು ಕಳೆದುಕೊಂಡೆವು. ಚುಕ್ತಾ ಅಂದರೆ 'ಕ್ಲೋಸ್ಡ್' ಅಂತ ಇರಬೇಕು. ಒಟಿಎಸ್, ಅಂದರೆ ಒಂದೇ ಸಲ ಒಂದಿಷ್ಟು ಕಟ್ಟಿ ಸಾಲ ಮುಗಿಸುವ ಒಪ್ಪಂದ, ಮಾಡಿಕೊಂಡ ರೈತರಿಗೂ ಇದೇ ಪದ ಎದುರಾಗುತ್ತದೆ. ಸಹಿ ಹಾಕುವ ಮೊದಲು ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ಹೇಳಬೇಕು. ಅದು ಸಾಲ ಕೊಟ್ಟವರ ಕರ್ತವ್ಯ.

ಎರಡನೆಯದು ಇನ್ನೂ ವಿಚಿತ್ರ. ತಮ್ಮ ತೆಗೆದುಕೊಳ್ಳದ ಒಂದು ಬೈಕ್ ಲೋನ್ ಅವನ ಹೆಸರಲ್ಲಿತ್ತು. ನನ್ನ ತಮ್ಮನ ಹೆಸರು ದಾವಣಗೆರೆಯಲ್ಲಿ ಬೀದಿಗೆ ನಾಲ್ಕು ಜನಕ್ಕೆ ಇರುವಂಥದ್ದು. ನಮ್ಮಲ್ಲಿ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಆಧಾರ್‌ನಲ್ಲಿ ಒಂದು ಥರ, ವೋಟರ್ ಕಾರ್ಡಿನಲ್ಲಿ ಇನ್ನೊಂದು ಥರ. ಅದೇ ಹೆಸರಿನ ಬೇರೆ ಯಾರದೋ ಸಾಲ ಇವನ ಖಾತೆಗೆ ಬಂದು ಸೇರಿತ್ತು. ಆ ಪುಣ್ಯಾತ್ಮ ನಾಲ್ಕು ಕಂತು ತಪ್ಪಿಸಿದ್ದ. ಅಪ್ಪ ಆ ಸಾಲಿಗೆ ಎರಡು ಸಲ ಗೆರೆ ಎಳೆದರು.

ಆನ್‌ಲೈನ್‌ನಲ್ಲೇ ದೂರು ಹಾಕಿದೆವು. ಕ್ರೆಡಿಟ್ ಕಂಪನಿ, ಅಂದರೆ ಈ ಲೆಕ್ಕ ಇಡುವ ಕಂಪನಿ, ತಾನಾಗಿಯೇ ಏನನ್ನೂ ಅಳಿಸುವುದಿಲ್ಲ. ಸಾಲ ಕೊಟ್ಟವರನ್ನು ಕೇಳುತ್ತದೆ, ಅವರು ಒಪ್ಪಿದ ಮೇಲೆ ತಿದ್ದುತ್ತದೆ. ಇಬ್ಬರೂ ಸೇರಿ 30 ದಿನದಲ್ಲಿ ಮುಗಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ದೂರು ಕೊಟ್ಟವರಿಗೆ ಸಲ್ಲಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮವಿದೆ. ಅಮೆರಿಕದಲ್ಲೂ ದೂರಿಗೆ ಸಾಮಾನ್ಯವಾಗಿ 30 ದಿನದ ಗಡುವೇ. ಆದರೆ ಪರಿಹಾರ ಬೇಕು ಅಂದರೆ ವಕೀಲರನ್ನು ಹಿಡಿಯಬೇಕು. ಈ ವಿಷಯದಲ್ಲಿ ನಮ್ಮ ನಿಯಮ ನನಗೆ ಜಾಸ್ತಿ ಇಷ್ಟ. ಅದರಿಂದಲೂ ಕೆಲಸ ಆಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಕೇಳುವ ಅಧಿಕಾರಿ ಒಂಬುಡ್ಸ್‌ಮನ್‌ಗೆ ಬರೆಯಬಹುದು. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರು ವಾರಕ್ಕೆ ಬೈಕ್ ಲೋನ್ ರಿಪೋರ್ಟಿನಿಂದ ಹೋಯಿತು. ಕಾರ್ಡಿನ ಉಳಿದ 18,000 ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರವನ್ನು ಕೈಯಲ್ಲಿ ಪಡೆದು, ಅದನ್ನೂ ಸರಿ ಮಾಡಿಸಿದ.

ಇನ್ನು ನಿಮ್ಮ ರಿಪೋರ್ಟ್ ಮೇಲೆ ಸದಾ ಕಣ್ಣಿಟ್ಟಿರುತ್ತೇವೆ ಅಂತ ದುಡ್ಡು ಕೇಳುವ ಸೇವೆಗಳು. ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ನಾನೂ ಎರಡು ವರ್ಷ ತಿಂಗಳು ತಿಂಗಳು ಕಟ್ಟಿದ್ದೆ. ನಾನೇ ಕಾರ್ಡ್ ತೆಗೆದುಕೊಂಡಾಗ, ನೀವು ಕಾರ್ಡ್ ತೆಗೆದುಕೊಂಡಿದ್ದೀರಿ ಅಂತ ಮೆಸೇಜ್ ಬರುತ್ತಿತ್ತು. ಈ ಸೇವೆ ಬೊಗಳುವ ನಾಯಿ ಇದ್ದ ಹಾಗೆ. ಕಳ್ಳ ಅಂಗಳಕ್ಕೆ ಬಂದ ಮೇಲೆ ಕೂಗುತ್ತದೆ. ಬಾಗಿಲಿಗೆ ಬೀಗವೇ ಬೇರೆ. ಅಮೆರಿಕದಲ್ಲಿ ಆ ಬೀಗವನ್ನು ಕಾನೂನೇ ಕೊಟ್ಟಿದೆ. 2017ರಲ್ಲಿ ಅಲ್ಲಿನ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ದೇಶವೇ ಬೆಚ್ಚಿತು. ಮರುವರ್ಷ ಸೆಪ್ಟೆಂಬರ್ 21ರಿಂದ ಯಾರು ಬೇಕಾದರೂ ತಮ್ಮ ರಿಪೋರ್ಟನ್ನು ಪುಕ್ಕಟೆ ಫ್ರೀಜ್ ಮಾಡಬಹುದು ಅಂತ ಆಯಿತು. ಅಲ್ಲಿ ಕಂಪನಿಗಳು ಮೂರು, ಮೂರರಲ್ಲೂ ಹಾಕಬೇಕು. ಹಾಕಿದ ಮೇಲೆ ನನ್ನ ಹೆಸರಲ್ಲಿ ಯಾರೋ ಹೊಸ ಸಾಲ ಕೇಳಿದರೆ, ಕೊಡುವವನಿಗೆ ನನ್ನ ರಿಪೋರ್ಟೇ ಸಿಗುವುದಿಲ್ಲ. ಕಾರು ಕೊಳ್ಳುವಾಗ ಶೋರೂಂನಲ್ಲಿ ಕೂತು ಫೋನಿನಿಂದಲೇ ಬೀಗ ತೆಗೆದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅವರಿಗೆ ರಿಪೋರ್ಟ್ ಸಿಕ್ಕಿತು. ಸಂಜೆ ಮತ್ತೆ ಹಾಕಿದೆ. ಅವತ್ತಿನಿಂದ ಕಾಸು ಕೊಡುವ ಸೇವೆ ನನಗೆ ಬೇಡವಾಯಿತು.

ಅಂಥ ಬೀಗ ನಮ್ಮ ದೇಶದಲ್ಲೂ ಕಾನೂನಿನ ಹಕ್ಕಾಗಿ ಬರಲಿ ಅನ್ನೋದು ನನ್ನ ಆಸೆ. ಅಮೆರಿಕದಲ್ಲಿ ರಿಪೋರ್ಟನ್ನು ವಾರಕ್ಕೊಮ್ಮೆ ಪುಕ್ಕಟೆ ತೆಗೆಯಬಹುದು. ನಮ್ಮಲ್ಲೂ ಅದು ಆಗಲಿ. ಇನ್ನೂ ಒಂದಿದೆ, ಅದು ನನಗೆ ಎಲ್ಲಕ್ಕಿಂತ ಮುಖ್ಯ. ನಾವು ತೆಗೆದ ರಿಪೋರ್ಟ್ ಇಂಗ್ಲಿಷಿನಲ್ಲಿತ್ತು. ಲೆಕ್ಕ ಗೊತ್ತಿರುವ ಅಪ್ಪನಿಗೂ ಆ 'ಸೆಟಲ್ಡ್' ಪದವನ್ನು ನಾನೇ ಬಿಡಿಸಿ ಹೇಳಬೇಕಾಯಿತು. ಪಹಣಿ ಕನ್ನಡದಲ್ಲಿದೆ, ಅದಕ್ಕೇ ಅದು ಜನರ ಕಾಗದವಾಗಿದೆ. ಸಂಘದ ಸಾಲ ತೆಗೆದ ನಮ್ಮ ಬೀದಿಯ ಹೆಂಗಸರ ಕಂತುಗಳೂ ಈ ಕಂಪನಿಗಳ ಲೆಕ್ಕಕ್ಕೆ ಹೋಗುತ್ತವೆ. ವಾರ ವಾರ ತಪ್ಪದೆ ಕಟ್ಟಿದ ಆ ಶ್ರಮ ಅಲ್ಲಿ ಹೇಗೆ ಬರೆದಿದೆ ಅಂತ ಅವರು ತಮ್ಮ ಭಾಷೆಯಲ್ಲಿ ಓದುವ ಹಾಗಿರಬೇಕು.

ಅಲ್ಲಿವರೆಗೆ ಇರುವುದನ್ನೇ ಬಳಸೋಣ. ನಿಮ್ಮ ರಿಪೋರ್ಟನ್ನು ಯಾರಾದರೂ ತೆಗೆದರೆ ಕ್ರೆಡಿಟ್ ಕಂಪನಿ ನಿಮಗೆ ಎಸ್‌ಎಂಎಸ್ ಅಥವಾ ಈಮೇಲ್ ಕಳಿಸಬೇಕು, ಇದೂ 2024ರ ನಿಯಮವೇ. ಆದರೆ ಅವರ ಬಳಿ ನಿಮ್ಮ ಸರಿಯಾದ ನಂಬರ್ ಇರಬೇಕು. ನನ್ನಂಥ ಹೊರನಾಡಿನವರು ಇಲ್ಲಿ ಎಚ್ಚರ ತಪ್ಪುತ್ತೇವೆ. ಊರಿನ ಸಿಮ್ ಬಿಟ್ಟು ಹೋಗಿರುತ್ತೇವೆ, ಆ ನಂಬರ್ ಈಗ ಯಾರ ಜೇಬಿನಲ್ಲಿದೆಯೋ. ಬ್ಯಾಂಕಿಗೆ ಹೋಗಿ ಮೊದಲು ಅದನ್ನು ಬದಲಿಸಿ. ಪುಕ್ಕಟೆ ಸ್ಕೋರ್ ತೋರಿಸುವ ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ಲೋನ್ ಮಾರುವುದೇ ಸಂಪಾದನೆ, ನೋಡಿದ ಮೇಲೆ ಫೋನ್ ಕರೆಗಳು ಬರುತ್ತವೆ. ನೇರವಾಗಿ ನಾಲ್ಕು ಕಂಪನಿಗಳಿಂದಲೇ ತೆಗೆಯಿರಿ.

ನಾಲ್ಕು ಕಂಪನಿ, ವರ್ಷಕ್ಕೆ ನಾಲ್ಕು ರಿಪೋರ್ಟ್. ಅಪ್ಪ ಈ ಲೆಕ್ಕವನ್ನು ತಕ್ಷಣ ಹಿಡಿದರು. ನಾನು ಹೊರಡುವ ಹಿಂದಿನ ದಿನ ಅಡುಗೆಮನೆ ಬಾಗಿಲ ಪಕ್ಕದ ಹೊಸ ಕ್ಯಾಲೆಂಡರಿನಲ್ಲಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಹಾಳೆಗಳ ಮೇಲೆ ಕೆಂಪು ಪೆನ್ನಿನಲ್ಲಿ ಒಂದೊಂದು ಕಂಪನಿಯ ಹೆಸರು ಬರೆದರು. ಏಪ್ರಿಲ್‌ನಲ್ಲಿ ಫೋನ್ ಬಂತು. ತಮ್ಮನದೂ ತೆಗೆದಿದ್ದರು, ತಮ್ಮದೂ ತೆಗೆದಿದ್ದರು. ಎಲ್ಲ ಚೌಕದಲ್ಲೂ ಸೊನ್ನೆ ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು, "ಆ ಬೈಕಿನವನು ಇದಾನಲ್ಲ, ಅವನು ಕಟ್ಟಿದ ಕಂತುಗಳು ಅವನ ಖಾತೆಗೆ ಹೋಗಿ ಸೇರಿದ್ವಾ? ಅವನಿಗೆ ಯಾರಾದರೂ ಹೇಳಿದಾರಾ?"