ಘಾಟಿಗೆ ಹೊರಟ ಸ್ಪೋರ್ಟ್ಸ್ ಕಾರಿಗೆ ಮೊದಲು ಬ್ರೇಕ್ ಆಯಿಲ್ ಬದಲಾಯಿಸ್ರಿ

ಮಳೆ ಹಿಂದೆ ಸರಿದು ದೀಪಾವಳಿ ರಜೆ ಹತ್ತಿರ ಬಂತಂದ್ರೆ ಬಳ್ಳಾರಿ, ಹೊಸಪೇಟೆ, ಗಂಗಾವತಿ, ಸಿಂಧನೂರು ಕಡೆಯಿಂದ ಗಾಡಿಗಳು ಮಲೆನಾಡಿಗೆ ಮುಖ ಮಾಡ್ತವೆ. ಅವುಗಳಲ್ಲಿ ಈಗ ಮಸ್ಟಾಂಗ್, ಝಡ್4, ಆಕ್ಟೇವಿಯಾ ಆರ್‌ಎಸ್ ಥರದ ಗಾಡಿಗಳೂ ಸೇರಿವೆ. ಆದ್ರೆ ಹೊರಡೋ ಮುಂಚೆ ಗ್ಯಾರೇಜ್ ಮುಂದೆ ನಡೆಯೋ ಮಾತು ಮಾತ್ರ ಬದಲಾಗಿಲ್ಲ. ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ್ರೆ ಎಷ್ಟು ಹಾರ್ಸ್‌ಪವರ್ ಏರ್ತದೆ, ಯಾವ ಎಕ್ಸಾಸ್ಟ್ ಹಾಕಿಸಿದ್ರೆ ಸದ್ದು ಚೆಂದ. ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂತ ಕೇಳೋರು ಸಿಗೋದಿಲ್ಲ. ಘಾಟಿ ಹತ್ತೋಕೆ ಹಳೇ ಆಲ್ಟೊಗೂ ಶಕ್ತಿ ಐತಿ. ಸ್ಪೋರ್ಟ್ಸ್ ಕಾರಿನ ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ದುಡ್ಡು ಹಾಕೋದಿದ್ರೆ ಮೊದಲು ಬ್ರೇಕಿಗೆ, ಆಮೇಲೆ ಟೈರಿಗೆ ಹಾಕ್ರಿ. ಇಂಜಿನ್ನಿನ ಪಾಳಿ ಕೊನೆಗೆ.

ನಮ್ಮ ಭಾಗದ ಗಾಡಿಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸ್ತದೆ. ಬಳ್ಳಾರಿಯಿಂದ ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿವರೆಗೆ ಇನ್ನೂರು ಕಿಲೋಮೀಟರ್ ಮೀರಿದ ದಾರಿ, ಹೆಚ್ಚುಕಡಿಮೆ ಸಪಾಟು. ಹಂಪ್ ಬಂದಲ್ಲಿ, ಟೋಲ್ ಬಂದಲ್ಲಿ ಒಮ್ಮೆ ಬ್ರೇಕ್ ಒತ್ತಿದ್ರೆ ಮುಗೀತು. ಇಂಥ ರಸ್ತೆಯಲ್ಲಿ ಬ್ರೇಕಿನ ದೋಷ ವರ್ಷಗಟ್ಟಲೆ ಮುಚ್ಚಿಕೊಂಡೇ ಇರ್ತದೆ. ಅದು ಮೊದಲ ಸಲ ಹೊರಬೀಳೋದು ಆಗುಂಬೆಯ ಏಳನೇ ತಿರುವಿನಲ್ಲೋ ಎಂಟನೇ ತಿರುವಿನಲ್ಲೋ.

ಒಂದು ಲೆಕ್ಕ ಹಾಕಿ ನೋಡೋಣ. ಗಾಡಿ, ಇಬ್ಬರು ಜನ, ಸಾಮಾನು ಸೇರಿ 1600 ಕಿಲೋ ಅಂತ ಇಟ್ಕೊಳ್ರಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋವಾಗ ಸುಮಾರು 500 ಮೀಟರ್ ಎತ್ತರ ಕಳ್ಕೊಳ್ತೀವಿ. ಆ ಇಳಿತದ ಶಕ್ತಿ ಎಲ್ಲಾದ್ರೂ ಹೋಗಲೇಬೇಕಲ್ಲ. ಹೆಚ್ಚುಕಡಿಮೆ 78 ಲಕ್ಷ ಜೂಲ್ ಆಗ್ತದೆ ಅದು. ಇಪ್ಪತ್ತೈದು ಲೀಟರ್ ಹಿಡಿಯೋ ಹಂಡೆ ತುಂಬ ತಣ್ಣೀರು ಇಟ್ಟು ಕುದಿ ಬರಿಸೋವಷ್ಟು ಶಾಖ. ಗೇರಿನ ಸಹಾಯ ತಗೊಳ್ದೆ ಇಡೀ ಇಳಿಜಾರು ಬ್ರೇಕಿನ ಮೇಲೇ ಬಂದ್ರೆ ಆ ಶಾಖ ಪೂರ್ತಿ ಚಕ್ರದ ಜೊತೆ ಸುತ್ತೋ ನಾಲ್ಕು ಬ್ರೇಕ್ ಡಿಸ್ಕಿಗೆ ಹೋಗ್ತದೆ. ನಾಲ್ಕೂ ಸೇರಿ 35 ಕಿಲೋ ಕಬ್ಬಿಣ ಅಂದ್ರೆ, ಗಾಳಿಗೆ ಆರದೇ ಇದ್ರೆ ಸರಾಸರಿ 480–490 ಡಿಗ್ರಿ ಬಿಸಿ ಏರ್ತದೆ. ಗಾಳಿ ಒಂದಷ್ಟು ಆರಿಸ್ತದೆ ನಿಜ, ಆದ್ರೆ ಮುಂದಿನ ಡಿಸ್ಕುಗಳು ಹಿಂದಿನವಕ್ಕಿಂತ ಹೆಚ್ಚು ಕೆಲಸ ಮಾಡೋದ್ರಿಂದ ಅವು ಸರಾಸರಿಗಿಂತ ಮೇಲೇ ಇರ್ತವೆ. ಡಿಸ್ಕನ್ನ ಒತ್ತಿ ಹಿಡಿಯೋ ದಿನನಿತ್ಯದ ಪ್ಯಾಡುಗಳು 350–400 ಡಿಗ್ರಿ ದಾಟಿದ ಮೇಲೆ ಹಿಡಿತ ಬಿಡೋಕೆ ಶುರು ಮಾಡ್ತವೆ.

ಇನ್ನು ಬ್ರೇಕ್ ಆಯಿಲ್. ಆಯಿಲ್ ಅಂತ ಕರೆದ್ರೂ ಅದು ಎಣ್ಣೆ ಅಲ್ಲ, ಗ್ಲೈಕಾಲ್ ದ್ರವ. ಗಾಳಿಯಲ್ಲಿನ ತೇವ ಹೀರೋದು ಅದರ ಗುಣ. ಹೊಸ ಡಾಟ್ 4 (ಡಾಟ್ ಅನ್ನೋದು ಬ್ರೇಕ್ ದ್ರವದ ದರ್ಜೆ) ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಮಾನದಂಡ ಐತಿ. ಅದೇ ದ್ರವ 3.7 ಶೇಕಡಾ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳೀತದೆ. ಡಾಟ್ 3 ಆದ್ರೆ 205 ಮತ್ತು 140, ಡಾಟ್ 5.1 ಆದ್ರೆ 260 ಮತ್ತು 180. ದ್ರವ ಕುದ್ರೆ ಪೈಪಿನೊಳಗೆ ಆವಿಯ ಗುಳ್ಳೆ ಹುಟ್ತದೆ. ದ್ರವವನ್ನ ಒತ್ತಿ ಕುಗ್ಗಿಸೋಕೆ ಆಗಲ್ಲ, ಆವಿಯನ್ನ ಕುಗ್ಗಿಸಬಹುದು. ಅದಕ್ಕೇ ಪೆಡಲ್ ಮೆತ್ತಗಾಗಿ ನೆಲ ಮುಟ್ತದೆ, ಗಾಡಿ ಮಾತ್ರ ನಿಲ್ಲೋದಿಲ್ಲ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯೊಳಗಿನ ದ್ರವದ ಬಣ್ಣ ನೋಡ್ರಿ. ಹೊಸದು ಕುಸುಬಿ ಎಣ್ಣೆ ಥರ ತಿಳಿ ಹಳದಿ ಇರ್ತದೆ. ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ರೆ ಕಾಯೋದೇ ಬೇಡ. ಬಣ್ಣ ಚೆನ್ನಾಗಿದ್ರೂ ಎರಡು ವರ್ಷ ಆಗಿದ್ರೆ ಬದಲಾಯಿಸ್ಲೇಬೇಕು, ನೀರಿನ ಅಂಶ ಕಣ್ಣಿಗೆ ಕಾಣಲ್ಲ. ಒಂದು ಲೀಟರ್ ತಗೊಳ್ರಿ, ಪ್ರತಿ ಚಕ್ರಕ್ಕೆ 200–250 ಎಂಎಲ್ ಬೇಕಾಗ್ತದೆ. ಡಬ್ಬಿಯಲ್ಲಿರೋ ಹಳೇದನ್ನ ಸಿರಿಂಜಿನಿಂದ ತೆಗೆದು ಹೊಸದು ತುಂಬಿ, ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ದ್ರವ ತಳ್ಳೋ ಭಾಗ) ಅತಿ ದೂರದ ಚಕ್ರದಿಂದ ಶುರು ಮಾಡ್ರಿ. ನಮ್ಮ ಬಲಗೈ ಸ್ಟೀರಿಂಗ್ ಗಾಡಿಗಳಲ್ಲಿ ಸಾಮಾನ್ಯವಾಗಿ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಬಲ ಮುಂದೆ. ಕಂಪನಿಯ ಪುಸ್ತಕ ಬೇರೆ ಕ್ರಮ ಹೇಳಿದ್ರೆ ಅದೇ ಸರಿ. ಒಬ್ಬರು ಪೆಡಲ್ ಒತ್ತಿ ಹಿಡೀಬೇಕು, ಇನ್ನೊಬ್ಬರು ಚಕ್ರದ ಹತ್ತಿರ ದ್ರವ ಹೊರಬಿಡೋ ನಿಪ್ಪಲ್ ಕಾಲು ಸುತ್ತು ಬಿಚ್ಚಿ, ದ್ರವ ಬಂದ ಮೇಲೆ ಬಿಗಿ ಮಾಡಿ, ಆಮೇಲೇ ಪೆಡಲ್ ಬಿಡೋಕೆ ಹೇಳಬೇಕು. ಈ ಕ್ರಮ ತಪ್ಪಿದ್ರೆ ಗಾಳಿ ಒಳಗೆ ಹೋಗ್ತದೆ. ಡಬ್ಬಿಯಲ್ಲಿ ಮಟ್ಟ ಕನಿಷ್ಠ ಗೆರೆಗಿಂತ ಕೆಳಗೆ ಇಳಿಯಬಾರದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಘಟಕದೊಳಗೆ ಗಾಳಿ ಸೇರಿದ್ರೆ ಸ್ಕ್ಯಾನರ್ ಇಲ್ಲದೆ ತೆಗೆಯೋದು ಕಷ್ಟ. ಪೇಂಟಿನ ಮೇಲೆ ಹನಿ ಬಿದ್ರೆ ತಕ್ಷಣ ನೀರು ಹಾಕ್ರಿ, ಬಣ್ಣ ತಿಂತದೆ ಅದು. ಡಾಟ್ 5 ಅಂತ ಬೇರೆ ಒಂದು ಸಿಗ್ತದೆ, ಅದು ಸಿಲಿಕಾನ್. ಎಬಿಎಸ್ ಇರೋ ಗಾಡಿಗೆ ಅದು ಬೇಡವೇ ಬೇಡ.

ಪ್ಯಾಡ್ ಹೊಸದಿದ್ದಾಗ 10–12 ಮಿಲಿಮೀಟರ್ ದಪ್ಪ ಇರ್ತದೆ. 5 ಮಿಲಿಮೀಟರಿಗೆ ಬಂದಿದ್ರೆ ಊರಲ್ಲಿ ಇನ್ನೂ ಆರು ತಿಂಗಳು ಓಡಬಹುದು, ಘಾಟಿಗೆ ಮಾತ್ರ ಬೇಡ. ಪ್ಯಾಡ್ ತೆಳ್ಳಗಾದಷ್ಟೂ ಡಿಸ್ಕಿನ ಶಾಖ ಬೇಗ ದ್ರವಕ್ಕೆ ತಲುಪ್ತದೆ. ಹೊಸ ಪ್ಯಾಡ್ ಹಾಕಿಸಿದ್ರೆ ಹೊರಡೋದಕ್ಕೆ ಎರಡು ದಿನ ಮುಂಚೆ, ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ 60ರಿಂದ 20ಕ್ಕೆ ಎಂಟು–ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಹಿಡೀರಿ, ಪೂರ್ತಿ ನಿಲ್ಲಿಸಬೇಡ್ರಿ. ಆಮೇಲೆ ಐದು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ಆರಿಸ್ರಿ. ರೇಸ್ ಟ್ರ್ಯಾಕಿನ ಪ್ಯಾಡ್ ಹಾಕಿಸ್ಕೊಂಡು ಹೋಗೋ ಹುಡುಗರಿದ್ದಾರೆ. ಅದು ತಪ್ಪು. ಅವು ಬಿಸಿಯಾದಾಗ ಮಾತ್ರ ಹಿಡೀತವೆ, ಮಂಜು ಮುಸುಕಿದ ಬೆಳಗಿನ ಮೊದಲ ತಿರುವಿನಲ್ಲಿ ಅವುಗಳಿಗೆ ಹಿಡಿತವೇ ಇರಲ್ಲ.

ಇಳಿಯೋವಾಗ ಏನಾಗ್ತಿದೆ ಅನ್ನೋದನ್ನ ಕಾಲೇ ಹೇಳ್ತದೆ. ಪೆಡಲ್ ಗಟ್ಟಿಯಾಗೇ ಐತಿ, ಆದ್ರೆ ಎಷ್ಟು ತುಳಿದ್ರೂ ಗಾಡಿ ನಿಧಾನ ಆಗ್ತಿಲ್ಲ ಅಂದ್ರೆ ಪ್ಯಾಡ್ ಕಾದಿದೆ, ಜೊತೆಗೆ ಸುಟ್ಟ ವಾಸನೆಯೂ ಬರ್ತದೆ. ಪೆಡಲ್ ಉದ್ದ ಹೋಗ್ತಿದೆ, ಮೆತ್ತಗಾಗಿದೆ ಅಂದ್ರೆ ದ್ರವ ಕುದ್ದಿದೆ. ಮೊದಲನೇದು ಇಪ್ಪತ್ತು–ಮೂವತ್ತು ನಿಮಿಷ ಆರಿಸಿದ್ರೆ ಸರಿಹೋಗ್ತದೆ. ಎರಡನೇದು ಆರಿದ ಮೇಲೆ ಸರಿ ಅನ್ನಿಸಿದ್ರೂ ನಂಬಬಾರದು, ಮುಂದಿನ ಊರಲ್ಲಿ ದ್ರವ ಬದಲಾಯಿಸಿಯೇ ಹೋಗಬೇಕು. ಕಾದ ಡಿಸ್ಕಿಗೆ ನೀರು ಸುರಿಯೋದು ಬೇಡ, ಕಬ್ಬಿಣ ಬಿರುಕು ಬಿಡ್ತದೆ, ಸೊಟ್ಟ ಆಗ್ತದೆ. ನಿಲ್ಲಿಸೋವಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಅಥವಾ ಆಟೋಮ್ಯಾಟಿಕ್ ಆದ್ರೆ ‘ಪಿ’ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡ್ರಿ. ಸಾಧ್ಯ ಇದ್ರೆ ಸಪಾಟಿನಲ್ಲಿ ಎರಡು–ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ ಆಮೇಲೆ ನಿಲ್ಲಿಸೋದು ಎಲ್ಲಕ್ಕಿಂತ ಒಳ್ಳೇದು.

ಈ ಗತಿ ಬರದೇ ಇರೋಕೆ ಹತ್ತೋ ಗೇರಿನಲ್ಲೇ ಇಳಿಯೋ ಹಳೇ ಪಾಠ ಸಾಕು. ಹೇರ್‌ಪಿನ್ನಿಗೆ ಎರಡನೇ ಗೇರು, ನಡುವಿನ ನೇರಕ್ಕೆ ಎರಡು ಅಥವಾ ಮೂರು. ಆಟೋಮ್ಯಾಟಿಕ್ ಗಾಡಿಯನ್ನ ‘ಡಿ’ಯಲ್ಲಿ ಬಿಟ್ರೆ ಅದು ಪೆಟ್ರೋಲ್ ಉಳಿಸೋಕೆ ಮೇಲಿನ ಗೇರಿಗೆ ಓಡ್ತದೆ. ಮ್ಯಾನುಯಲ್ ಮೋಡಿಗೆ ಹಾಕಿ ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್ಲಿನಿಂದ ನೀವೇ ಕೆಳಗಿನ ಗೇರಿನಲ್ಲಿ ಹಿಡೀರಿ. ಇಂಜಿನ್ 3500–4000 ಆರ್‌ಪಿಎಂ ಸುತ್ತಿದ್ರೆ ಗಾಬರಿ ಬೇಡ, ಅದಕ್ಕೇ ಮಾಡಿದ ಇಂಜಿನ್ನು. ಬ್ರೇಕನ್ನ ಸವರಿಕೊಂಡು ಇಳೀಬೇಡ್ರಿ. ತಿರುವಿಗೆ ಮುಂಚೆ ನೇರದಲ್ಲಿ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡ್ರಿ. ಬಿಟ್ಟ ಆ ಐದು–ಹತ್ತು ಸೆಕೆಂಡಿನಲ್ಲೇ ಡಿಸ್ಕ್ ಆರೋದು. ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳೀತದೆ ಅನ್ನೋದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲಿ ಇಳಿಯೋವಾಗ ಇಂಧನವನ್ನೇ ನಿಲ್ಲಿಸ್ತದೆ, ನ್ಯೂಟ್ರಲ್ಲಿನಲ್ಲಾದ್ರೆ ಐಡ್ಲಿಂಗಿಗೆ ಕುಡೀತದೆ.

ಹತ್ತೋವಾಗಿನ ತೊಂದರೆ ಬೇರೆ. ಲಾರಿ ಹಿಂದೆ ಹತ್ತು ಕಿಲೋಮೀಟರ್ ವೇಗದಲ್ಲಿ ತೆವಳೋವಾಗ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅದರಲ್ಲೂ ಡ್ರೈ ಕ್ಲಚ್ ಇರೋದು, ಅರ್ಧ ಹಿಡಿದು ಅರ್ಧ ಜಾರ್ತಾ ಬಿಸಿಯಾಗ್ತದೆ. ಆಕ್ಸಿಲರೇಟರಿನಿಂದ ಗಾಡಿಯನ್ನ ಏರಿನಲ್ಲಿ ತಡೆದು ನಿಲ್ಲಿಸೋ ಚಟ ಬಿಡ್ರಿ. ಬ್ರೇಕ್ ಹಿಡಿದು ನಿಂತು, ಲಾರಿಗೆ ಮೂವತ್ತು–ನಲವತ್ತು ಮೀಟರ್ ದಾರಿ ಬಿಟ್ಟು, ಆಮೇಲೆ ಒಂದೇ ಓಟಕ್ಕೆ ಹೊರಡ್ರಿ. ಕೂಲೆಂಟ್ ಡಬ್ಬಿಗೆ ನಮ್ಮ ಬೋರ್ ನೀರು ಬೇಡ. ಅದರ ಗಡಸುತನ ಮನೆಯ ಗೀಸರಿನೊಳಗೆ ಎಂಥ ಬಿಳಿ ಪದರ ಕಟ್ತದೋ ರೇಡಿಯೇಟರ್ ಕೊಳವೆಯಲ್ಲೂ ಅದನ್ನೇ ಕಟ್ತದೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲೆಂಟ್ ಅರ್ಧ.

ಮೈನ್ಸ್ ಧೂಳಿನ ಮಾತು ಬಿಡೋಹಾಗಿಲ್ಲ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಓಡೋ ಗಾಡಿಯ ಏರ್ ಫಿಲ್ಟರ್ ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಕೆಂಪಗಾಗ್ತದೆ. ಬಂಪರಿನ ಹಿಂದೆ ಕೆಳಗೆ ಕೂತು ಟರ್ಬೊ ಗಾಳಿ ತಣಿಸೋ ಇಂಟರ್‌ಕೂಲರ್ ರೆಕ್ಕೆಗಳ ನಡುವೆ, ಪ್ಯಾಡುಗಳನ್ನ ಒತ್ತೋ ಕ್ಯಾಲಿಪರಿನ ಸ್ಲೈಡ್ ಪಿನ್ನಿನಲ್ಲಿ ಅದೇ ಧೂಳು. ಪಿನ್ ಹಿಡ್ಕೊಂಡ್ರೆ ಒಂದು ಪ್ಯಾಡ್ ಸದಾ ಡಿಸ್ಕಿಗೆ ಅಂಟಿ ಆ ಚಕ್ರ ಒಂದೇ ಕಾಯ್ತದೆ. ಅದನ್ನ ಪತ್ತೆ ಹಚ್ಚೋದು ಸುಲಭ: ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡೀರಿ, ಮುಟ್ಟಬೇಡ್ರಿ. ಎಡ–ಬಲಕ್ಕೆ ಶಾಖದಲ್ಲಿ ವ್ಯತ್ಯಾಸ ಇದ್ರೆ ಪಿನ್ ಬಿಚ್ಚಿ ತೊಳೆಸಿ ಬ್ರೇಕಿನ ಗ್ರೀಸ್ ಹಚ್ಚಿಸ್ರಿ. ಪೇಂಟಿನ ಮೇಲಿನ ಅದಿರು ಧೂಳನ್ನ ಒಣ ಬಟ್ಟೆಯಿಂದ ಒರೆಸೋದು ಉಪ್ಪುಕಾಗದದಿಂದ ಉಜ್ಜಿದ ಹಾಗೇ. ಮೊದಲು ನೀರು ಬಿಟ್ಟು ಇಳಿಸಿ, ಆಮೇಲೆ ಶಾಂಪೂ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತದೆ. 2321 ಅಂದ್ರೆ 2021ರ 23ನೇ ವಾರ ತಯಾರಾದದ್ದು. ನಮ್ಮ ಬಿಸಿಲಿಗೆ ಐದು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಜಾರ್ತದೆ, ಟೈರಿನ ಮೈಮೇಲಿನ ಗೀರು (ಟ್ರೆಡ್) ಇನ್ನೂ ಆಳ ಇದ್ರೂ ಅಷ್ಟೇ. ಆ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್, ಆದ್ರೆ ಒದ್ದೆ ಘಾಟಿಗೆ 3ಕ್ಕಿಂತ ಕಡಿಮೆ ಇರಬಾರದು. ಹವಾ ನೋಡಿಸೋದು ಬೆಳಿಗ್ಗೆ, ಗಾಡಿ ಓಡೋ ಮುಂಚೆ. ತಾಪ ಐದೂವರೆ ಡಿಗ್ರಿ ಇಳಿದ್ರೆ ಹವಾ ಸುಮಾರು ಒಂದು ಪಿಎಸ್‌ಐ ಇಳೀತದೆ. ಬಳ್ಳಾರಿಯ 40 ಡಿಗ್ರಿ ಮಧ್ಯಾಹ್ನ ಬಿಸಿ ಟೈರಿಗೆ ಸರಿಯಾಗಿ 33 ಹಾಕಿಸಿ ಹೊರಟ್ರೆ, 18 ಡಿಗ್ರಿಯ ಮಲೆನಾಡ ಬೆಳಗಿಗೆ ಅದು 28–29ಕ್ಕೆ ಬಂದು ಕೂತಿರ್ತದೆ. ನೈಟ್ರೋಜನ್ ತುಂಬಿಸಿದ್ರೂ ಈ ಲೆಕ್ಕ ಬದಲಾಗಲ್ಲ. ಬಹಳಷ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿ ಇಲ್ಲ, ಸೀಲೆಂಟ್ ಡಬ್ಬಿ ಮತ್ತು ಸಣ್ಣ ಪಂಪು ಮಾತ್ರ. ಮೊಳೆ ಚುಚ್ಚಿದ್ರೆ ಅದು ನಡೀತದೆ. ಪಕ್ಕದ ಗೋಡೆ ಗಿಡ್ಡ ಇರೋ 35–40 ಪ್ರೊಫೈಲಿನ ಟೈರು ಗುಂಡಿಯ ಅಂಚಿಗೆ ಬಡಿದು ಪಕ್ಕ ಸೀಳಿದ್ರೆ ಗಾಡಿ ಹೊತ್ತೊಯ್ಯೋ ಫ್ಲಾಟ್‌ಬೆಡ್ ಕರೆಸೋದೊಂದೇ ದಾರಿ. ಅದಕ್ಕೆ ಟೋಯಿಂಗ್ ಕೊಕ್ಕೆ ಟೂಲ್ ಕಿಟ್‌ನಲ್ಲಿ ಐತಾ ಅಂತ ಮನೆಯಲ್ಲೇ ನೋಡಿ, ಬಂಪರಿನಲ್ಲಿ ಒಮ್ಮೆ ತಿರುಗಿಸಿ ಕೂರಿಸಿ ನೋಡ್ರಿ. ಎರಡು ಅಡಿ ಉದ್ದದ ಎರಡು ಹಲಗೆ ತುಂಡೂ ಡಿಕ್ಕಿಯಲ್ಲಿರಲಿ. ತಗ್ಗು ಗಾಡಿ ಫ್ಲಾಟ್‌ಬೆಡ್ ಹತ್ತೋವಾಗ ಮೂತಿ ಬಡಿಯೋದು ಅವುಗಳಿಂದ ತಪ್ತದೆ.

ಘಾಟಿ ತಲುಪೋ ಮುಂಚೆಯೇ ಒಂದು ಅಪಾಯ ಐತಿ, ನವೆಂಬರ್‌ನಿಂದ ಜನವರಿವರೆಗೆ. ಹಳ್ಳಿ ರಸ್ತೆಗಳಲ್ಲಿ ಹುರುಳಿ, ತೊಗರಿ, ಸಜ್ಜೆ ಹರವಿ ಒಕ್ಕಣೆ ಮಾಡ್ತಾರೆ. ಎತ್ತರದ ಗಾಡಿಗೆ ಏನೂ ಆಗಲ್ಲ. ನೆಲದಿಂದ 120–130 ಮಿಲಿಮೀಟರ್ ಎತ್ತರದ ಗಾಡಿಯ ಅಡಿಗೆ ಹುರುಳಿ ಬಳ್ಳಿ ಸುತ್ಕೊಂಡು ಎಕ್ಸಾಸ್ಟಿನ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಗಿದ್ರೆ ಹೊತ್ತಿಕೊಳ್ತದೆ. ಕನ್ವರ್ಟರಿನ ಮೈ ನೂರಾರು ಡಿಗ್ರಿ ಬಿಸಿ ಇರ್ತದೆ, ಒಣ ಬಳ್ಳಿಗೆ ಅಷ್ಟು ಸಾಕು. ಹರವಿದ್ದು ಕಂಡ್ರೆ ಸುತ್ತು ಹಾಕಿಯಾದ್ರೂ ಬೇರೆ ದಾರಿ ಹಿಡೀರಿ. ಬೇರೆ ದಾರಿ ಇಲ್ದಿದ್ರೆ ದಾಟಿದ ಕೂಡಲೇ ಇಳಿದು ಅಡಿಗೆ ಬಗ್ಗಿ ನೋಡ್ರಿ. ಒಂದು ಕಿಲೋದ ಬೆಂಕಿ ಆರಿಸೋ ಸಿಲಿಂಡರ್ ಸೀಟಿನ ಕೆಳಗಿದ್ರೆ ಒಳ್ಳೇದು.

ದಾರಿಯ ಆಯ್ಕೆಗೆ ಬಂದ್ರೆ, ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯೋ ಅರಬೈಲ್ ಘಾಟಿ ನಮಗೆ ನೇರ. ನಮ್ಮ ಅದಿರು ಬೇಲೇಕೇರಿ ಬಂದರಿಗೆ ಹೋಗ್ತಿದ್ದದ್ದೂ ಅದೇ ದಾರಿಯಲ್ಲಿ. ಅಲ್ಲಿ ಇವತ್ತಿಗೂ ಲಾರಿಗಳದ್ದೇ ರಾಜ್ಯ, ಸ್ಪೋರ್ಟ್ಸ್ ಕಾರಿಗೆ ಅದು ಸೊಗಸಿನ ದಾರಿ ಅಲ್ಲ. ಹೊಸಪೇಟೆಯಿಂದ ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ ಹಿಡಿದು ಆಗುಂಬೆಗೆ ಹೋಗೋದು ಉತ್ತಮ. ಹದಿನಾಲ್ಕು ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳೋ ಜಾಗ ಅದು, ರಸ್ತೆ ಅಂಚಿನಲ್ಲಿ ಪಾಚಿ ಸಹಜ. ಮಳೆಗಾಲದಲ್ಲಿ ಘಾಟಿಗಳ ಸಂಚಾರಕ್ಕೆ ಜಿಲ್ಲಾಡಳಿತಗಳು ನಿರ್ಬಂಧ ಹಾಕ್ತಿರ್ತವೆ, ಹೊರಡೋ ದಿನವೇ ವಿಚಾರಿಸಿಕೊಳ್ಳಿ. ಹೇರ್‌ಪಿನ್ನಿನ ಒಳ ಅಂಚು ಎಲ್ಲಕ್ಕಿಂತ ಕಡಿದು, ತಗ್ಗು ಗಾಡಿಯ ಮೂತಿ ಉಜ್ಜೋದು ಅಲ್ಲೇ. ನಿಮ್ಮ ಪಥ ಬಿಡದೆ, ಅದರೊಳಗೇ ಹೊರ ಅಂಚು ಹಿಡಿದು ತಿರುಗಿಸ್ರಿ. ಹತ್ತೋ ಗಾಡಿಗೆ ಮೊದಲ ಹಕ್ಕು ಅನ್ನೋದು ರಸ್ತೆ ನಿಯಮ. ಎದುರಿಗೆ ಬಸ್ಸು ಹತ್ತಿ ಬರ್ತಿದ್ರೆ ತಿರುವಿಗೆ ಮುಂಚೆಯೇ ನಿಂತು ಬಿಡ್ರಿ, ಅದಕ್ಕೆ ತಿರುಗೋಕೆ ಇಡೀ ರಸ್ತೆ ಬೇಕು. ಹಿಂದಿನ ಚಕ್ರಕ್ಕೆ ಶಕ್ತಿ ಕೊಡೋ ಗಾಡಿಯಲ್ಲಿ ಸ್ಟೀರಿಂಗ್ ನೇರ ಆಗೋವರೆಗೆ ಆಕ್ಸಿಲರೇಟರ್ ಮೇಲೆ ಕಾಲು ಹಗುರ ಇರಲಿ, ಚಕ್ರ ಜಾರಿ ಸುತ್ತದಂತೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಯಾವ ಕಾರಣಕ್ಕೂ ಆಫ್ ಆಗಬಾರದು. ರಾತ್ರಿ ಹೊತ್ತು ಎಕ್ಸಾಸ್ಟ್ ವಾಲ್ವ್ ತೆರೆದು ಸದ್ದು ಮಾಡೋದನ್ನ ನಾನು ಒಪ್ಪಲ್ಲ. ಅದು ಸಿಂಗಳೀಕಗಳ ಕಾಡು.

ಮೊದಲ ಸಲ ಹೋಗೋರು ಅದಕ್ಕೂ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಸಂಡೂರಿನ ಕುಮಾರಸ್ವಾಮಿ ಬೆಟ್ಟದ ರಸ್ತೆ ಹತ್ತಿ ಇಳಿದು ನೋಡ್ರಿ. ಎರಡನೇ ಗೇರಿನಲ್ಲಿ ಇಳಿದು ಕೆಳಗೆ ಬಂದ ಮೇಲೆ ಬೆಟ್ಟ ಹತ್ತೋ ಮುಂಚೆ ಪೆಡಲ್ ಎಷ್ಟು ಎತ್ತರದಲ್ಲಿ ಹಿಡೀತಿತ್ತೋ ಅಷ್ಟೇ ಎತ್ತರದಲ್ಲಿ ಹಿಡೀತಿದ್ರೆ ಗಾಡಿ ತಯಾರು. ಅರ್ಧ ಇಂಚು ಕೆಳಗೆ ಹೋಗಿದ್ರೂ ವಾಪಸ್ ಗ್ಯಾರೇಜಿಗೆ ತಗೊಂಡು ಹೋಗಿ ನಾಲ್ಕೂ ನಿಪ್ಪಲ್ ಮತ್ತೆ ಬಿಚ್ಚಿಸ್ರಿ.