45 ನಿಮಿಷದ ದಾರಿ, 13 ಗಂಟೆಯ ಪಯಣ

ಬೆಂಗಳೂರಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಅಂತ ಯಾರಾದರೂ ಕೇಳಿದರೆ, ನಾನೀಗ "ಯಾವ ತಿಂಗಳಲ್ಲಿ?" ಅಂತ ತಿರುಗಿ ಕೇಳುತ್ತೇನೆ.

ಜೂನ್ ತಿಂಗಳು. ಪುತ್ತೂರಿನ ಅತ್ತೆಮನೆಯಲ್ಲಿ ನಾದಿನಿಯ ಮಗುವಿನ ನಾಮಕರಣ. ಹೆಂಡತಿ ನಾಲ್ಕು ದಿನ ಮೊದಲೇ ಹೋಗಿದ್ದಳು. ಭಾವಮೈದ ಹಿಂದಿನ ರಾತ್ರಿ ಬಸ್ಸಿಗೆ ಹೊರಟವನು "ಬನ್ನಿ ಭಾವ, ಒಟ್ಟಿಗೆ ಹೋಗುವ" ಅಂದ. ನಾನು ನಕ್ಕೆ. ಶಿರಾಡಿ ಘಾಟಿಯ ತಿರುವುಗಳಲ್ಲಿ, ಸ್ಲೀಪರ್ ಬರ್ತಿನ ಮೇಲೆ ಸೌತೆಕಾಯಿ ಥರ ಉರುಳಾಡುವ ವಯಸ್ಸೇ ನನ್ನದು? ನೆಟ್ಟಗೆ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್, ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ ಅಂತ ಅವನಿಗೇ ಪಾಠ ಮಾಡಿ ಕಳಿಸಿದೆ.

ಬನಶಂಕರಿಯ ಮನೆಯಿಂದ ಬೆಳಿಗ್ಗೆ 5ಕ್ಕೆ ಹೊರಟೆ, ಯಾಕೆಂದರೆ ಹಾರುವ ಮೊದಲು ದೇವನಹಳ್ಳಿ ಮುಟ್ಟಬೇಕಲ್ವಾ, ಅದೇ ಒಂದು ಪರಸ್ಥಳ. ಬೆಲ್ಟ್ ಬಿಚ್ಚಿದೆ, ಕಟ್ಟಿದೆ, ಇಡ್ಲಿಗೆ ಊಟದ ದುಡ್ಡು ಕೊಟ್ಟೆ. 9.20ಕ್ಕೆ ವಿಮಾನ ಸರಿಯಾಗಿಯೇ ಹೊರಟಿತು.

ಬಜ್ಪೆಯದು ಗುಡ್ಡದ ನೆತ್ತಿ ಸಪಾಟು ಮಾಡಿ ಕಟ್ಟಿದ ರನ್‌ವೇ. ಅಂಚಿನಾಚೆ ಇಳಿಜಾರು, ಆಟ ಆಡುವ ಜಾಗ ಅಲ್ಲ. ಅಂಥ ಗುಡ್ಡದ ಮೇಲೆ ಅವತ್ತು ಮೋಡ ಬಂದು ಕೂತಿತ್ತು. ಒಂದು ಸುತ್ತು ಹೊಡೆದರು, ಇನ್ನೊಂದು ಹೊಡೆದರು. ಕಿಟಕಿಯಾಚೆ ಬರೀ ಬಿಳಿ, ಹಾಲಿನ ಪಾತ್ರೆಯೊಳಗೆ ಕೂತ ಹಾಗೆ. ಒಂದೇ ಒಂದು ಸಲ ಮೋಡ ಹರಿದು, ನೀಲಿ ಟಾರ್ಪಾಲು ಹೊದ್ದ ಕೊಟ್ಟಿಗೆಯೂ ನಾಲ್ಕು ಅಡಿಕೆ ಮರವೂ ಕಂಡವು. ಇಲ್ಲೇ ಇಳಿಸಿಬಿಡಿ, ಆಟೋ ಮಾಡ್ಕೊಂಡು ಹೋಗ್ತೀನಿ ಅನ್ನೋಣ ಅನ್ನಿಸಿತು. ಅಷ್ಟರಲ್ಲಿ ಪೈಲಟ್ ಬಾಯಿಬಿಟ್ಟ: ಇಳಿಯಲು ಆಗುವುದಿಲ್ಲ, ಬೆಂಗಳೂರಿಗೆ ವಾಪಸ್.

ನೆಲ ಮುಟ್ಟಿ ಫೋನ್ ಆನ್ ಮಾಡಿದ್ದೇ ತಡ, ಹೆಂಡತಿ.

"ಇಳಿದ್ರಾ?"

"ಇಳಿದೆ."

"ಎಲ್ಲಿದ್ದೀರಿ?"

"ದೇವನಹಳ್ಳಿ."

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು. "ಬೆಳಿಗ್ಗೆ ಫೋನ್ ಮಾಡಿದಾಗಲೂ ಅಲ್ಲೇ ಇದ್ರಲ್ಲ?"

ಇದ್ದೆ. ಎರಡು ಗಂಟೆ ಹಾರಿ ಒಂದು ಅಡಿಯೂ ಮುಂದೆ ಹೋಗಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಮತ್ತೆ ಹಾರಿಸಿದರು, ಈ ಸಲ ಇಳಿದೆವು. ಬಜ್ಪೆಯಿಂದ ಟ್ಯಾಕ್ಸಿ ಹತ್ತಿ ಮ್ಯಾಪ್ ತೆಗೆದ ಮೇಲೇ ನನಗೆ ನನ್ನ ಬುದ್ಧಿವಂತಿಕೆ ಪೂರ್ತಿ ಅರ್ಥವಾದದ್ದು. ಬಸ್ಸು ಉಪ್ಪಿನಂಗಡಿಯಲ್ಲಿ ತಿರುಗಿ ಸುಮ್ನೆ ಪುತ್ತೂರಿಗೆ ಹೋಗಿಬಿಡುತ್ತದೆ. ನಾನು ಮಾತ್ರ ಪುತ್ತೂರನ್ನು ದಾಟಿ ಮುಂದೆ ಹೋಗಿ, ದುಡ್ಡು ಕೊಟ್ಟು, 50 ಕಿಲೋಮೀಟರಿಗಿಂತ ಜಾಸ್ತಿ ಬೆಂಗಳೂರಿನ ದಿಕ್ಕಿಗೇ ವಾಪಸ್ ಬರುತ್ತಿದ್ದೆ. ಕಲ್ಲಡ್ಕದಲ್ಲಿ ಪದರ ಪದರವಾಗಿರುವ ಕೇಟಿ ಚಹಾ ಕುಡಿದೆ. ಇಡೀ ದಿನದಲ್ಲಿ ಅಂದುಕೊಂಡ ಹಾಗೆ ನಡೆದದ್ದು ಅದೊಂದೇ.

ಮನೆ ಮುಟ್ಟಿದಾಗ ಸಂಜೆ ಆರು ದಾಟಿತ್ತು. ಭಾವಮೈದ ಬೆಳಿಗ್ಗೆ ಆರಕ್ಕೇ ಬಂದು, ಮಿಂದು, ಎರಡು ಹೊತ್ತು ಉಂಡು, ನಿದ್ದೆ ಮುಗಿಸಿ ಜಗಲಿಯಲ್ಲಿ ಹಲಸಿನ ಸೊಳೆ ಬಿಡಿಸುತ್ತಿದ್ದ.

"ಭಾವ, ವಿಮಾನದಲ್ಲಿ ಬಂದದ್ದೋ, ನಡ್ಕೊಂಡು ಬಂದದ್ದೋ?"

ಅತ್ತೆ ಅವನನ್ನು ಗದರಿಸಿ, ಮಧ್ಯಾಹ್ನದ ಪಾಯಸ ಬಿಸಿ ಮಾಡಿ ತಂದರು. ಎರಡು ಲೋಟ ಕುಡಿದ ಮೇಲೆ, ಹೆಂಡತಿಗೆ ಕೇಳಿಸದ ಹಾಗೆ ಅವನ ಪಕ್ಕ ಕೂತು ಕೇಳಿದೆ: "ನಾಳೆ ರಾತ್ರಿ ಬಸ್ಸಲ್ಲಿ ಕೆಳಗಿನ ಬರ್ತ್ ಉಂಟಾ ನೋಡು ಮಾರಾಯ."